ಅಮ್ಮನ ರಿಪೋರ್ಟಿನಲ್ಲಿ ಕೆಐ-67 ಶೇ. 28 ಅಂತಿದೆ: ಕೋಶಕ್ಕೆ ನಕಲು ಮಾಡಲು ಅಪ್ಪಣೆ ಕೊಡುವವರು ಯಾರು?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಬಯಾಲಜಿ ಓದಿದವರು ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನಿಗೆ 58 ವರ್ಷ. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತಂತೆ. ತಂಗಿಯ ಮದುವೆ ಮುಗಿಯಲಿ ಅಂತ ಎರಡು ತಿಂಗಳು ಯಾರಿಗೂ ಹೇಳದೆ ಸುಮ್ನೆ ಇದ್ದುಬಿಟ್ಟರು. ಹೋದ ವಾರ ಬಯಾಪ್ಸಿ ರಿಪೋರ್ಟ್ ಬಂತು. ಸ್ತನ ಕ್ಯಾನ್ಸರ್. ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್2 ನೆಗೆಟಿವ್ (ಇವು ಗಡ್ಡೆಯ ಕೋಶದಲ್ಲಿ ಹುಡುಕುವ ಮೂರು ಪ್ರೋಟೀನ್‌ಗಳಂತೆ), ಅದರ ಕೆಳಗೆ ಕೆಐ-67 ಶೇ. 28 ಅಂತ ಇದೆ. ಡಾಕ್ಟರ್ ಆ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು "ಬೆಳೆಯುವ ವೇಗ ಸ್ವಲ್ಪ ಜಾಸ್ತಿ ಇದೆ, ಆಪರೇಷನ್ ಆದ ಮೇಲೆ ಕೀಮೋ ಕೊಡೋಣ" ಅಂದರು. ಹೊರಗೆ ಇನ್ನೂ ತುಂಬಾ ಜನ ಕಾಯುತ್ತಿದ್ದರು. ಹೆಚ್ಚಿಗೆ ಕೇಳಲು ಬಾಯಿ ಬರಲಿಲ್ಲ.

ಆ 28 ಅಂದರೆ ಏನನ್ನು ಎಣಿಸಿದ್ದು? ಇನ್ನೊಂದು, ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎ ನಕಲು ಮಾಡಿಕೊಳ್ಳುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಆ ನಕಲಿಗೆ ಒಂದು ಹದ್ದುಬಸ್ತು ಇರಬೇಕಲ್ವಾ? ಅದು ಯಾಕೆ ಕೈಕೊಡುತ್ತದೆ?

ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳುತ್ತಿದ್ದಾರೆ. ಪ್ಲಾಸ್ಟಿಕ್ ಡಬ್ಬಿ ಅಂತ ಒಬ್ಬರು, ಟೆನ್ಷನ್ ಅಂತ ಒಬ್ಬರು, ದೃಷ್ಟಿ ತಾಗಿದೆ ಅಂತ ಇನ್ನೊಬ್ಬರು. ರಾತ್ರಿ ಲೈಟ್ ಆರಿಸಿದ ಮೇಲೆ ಅಮ್ಮ "ನಾನೇನು ತಪ್ಪು ಮಾಡಿದೆ ಹೇಳು" ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಸ್ಲೈಡ್_ಮನೆ

ಅಮ್ಮ ಬೇಗ ಹುಷಾರಾಗಲಿ ಅಕ್ಕ. ನಾನು ಹದಿನಾರು ವರ್ಷದಿಂದ ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಮೊದಲ ಪ್ರಶ್ನೆಗೆ ನಾನು ಹೇಳಬಲ್ಲೆ, ದಿನಾ ಆ ಸ್ಲೈಡ್ ಮಾಡುವವರು ನಾವೇ.

ಸೂಜಿ ಹಾಕಿ ತೆಗೆದ ಚೂರು ಒಂದು ತುಂಡು ದಾರದ ಹಾಗಿರುತ್ತದೆ. ಅದನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಅಚ್ಚು ಹಾಕುತ್ತೇವೆ. ಆ ಮೇಣದ ಬ್ಲಾಕನ್ನು ಮೈಕ್ರೋಟೋಮ್‌ನಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಸೀಳಬೇಕು, ಈರುಳ್ಳಿ ಪೊರೆ ಕೂಡ ಅದಕ್ಕಿಂತ ದಪ್ಪ. ಸೀಳು ಬೆಚ್ಚಗಿನ ನೀರಿನ ಮೇಲೆ ತೇಲುತ್ತದೆ, ಅಡಿಯಿಂದ ಗಾಜು ತೂರಿಸಿ ಮೆಲ್ಲಗೆ ಎತ್ತಿಕೊಳ್ಳುತ್ತೇವೆ, ಉಸಿರು ಜೋರಾಗಿ ಬಿಟ್ಟರೂ ಮಡಚಿಕೊಂಡುಬಿಡುತ್ತದೆ. ಆಮೇಲೆ ಕೆಐ-67 ಅನ್ನುವ ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿ ಹಾಕಿ ಬಣ್ಣ ಕೊಡುತ್ತೇವೆ. ಆ ಪ್ರೋಟೀನ್ ಇರುವ ಕೋಶದ ನ್ಯೂಕ್ಲಿಯಸ್ ಕಾಫಿಪುಡಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ನೀಲಿ. ಡಾಕ್ಟರ್ ಮೈಕ್ರೋಸ್ಕೋಪಿನಲ್ಲಿ ನೂರಾರು ಕ್ಯಾನ್ಸರ್ ಕೋಶ ಎಣಿಸುತ್ತಾರೆ. ಅಮ್ಮನದರಲ್ಲಿ ನೂರಕ್ಕೆ 28 ಕಂದು, ಮಿಕ್ಕ 72 ನೀಲಿ. ಅಷ್ಟೇ ಆ ಲೆಕ್ಕ.

ಕಂದು ಅಂದರೆ ಆ ಕೋಶ ಎರಡಾಗುವ ಕೆಲಸಕ್ಕೆ ಇಳಿದಿದೆ ಅಂತ. ಆ ಕ್ಷಣದಲ್ಲಿ ನಕಲು ಮಾಡುತ್ತಲೇ ಇತ್ತು ಅಂತಲ್ಲ, ತಯಾರಿ, ನಕಲು, ಒಡೆಯುವುದು, ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಇತ್ತು. ನೀಲಿ ಕೋಶ ಸುಮ್ನೆ ಕೂತಿದೆ. ಕೆಐ ಅಂದರೆ ಜರ್ಮನಿಯ ಕೀಲ್ ಊರು. 1983ರಲ್ಲಿ ಅಲ್ಲಿ ಆ ಆಂಟಿಬಾಡಿ ಕಂಡುಹಿಡಿದರು, ಅದನ್ನು ಮಾಡುವ ಕೋಶ ಬೆಳೆದ ಲ್ಯಾಬ್ ತಟ್ಟೆಯ ಗುಳಿಯ ನಂಬರ್ 67. ರೋಗದ ಹೆಸರಲ್ಲ, ಭಯ ಬೇಡ.

ಇನ್ನೊಂದು ಮಾತು. ಒಂದೇ ಸ್ಲೈಡನ್ನು ಇಬ್ಬರು ಎಣಿಸಿದರೆ ಒಬ್ಬರಿಗೆ 24, ಇನ್ನೊಬ್ಬರಿಗೆ 30 ಬರಬಹುದು. ಗಡ್ಡೆಯ ಯಾವ ಮೂಲೆ ನೋಡಿದರು ಅನ್ನುವುದರ ಮೇಲೂ ಇರುತ್ತದೆ. ಆದ್ದರಿಂದ 28 ಅನ್ನುವುದನ್ನು ಜ್ವರದ ಡಿಗ್ರಿ ತರಹ ನೋಡಬೇಡಿ.

ಕೋಶವಾಸಿ

ಹೇಮಾವತಿ ಅವರೇ, ಎರಡನೇ ಪ್ರಶ್ನೆ ನಾನು ತೆಗೆದುಕೊಳ್ಳುತ್ತೇನೆ. ಡಿಎನ್‌ಎ ನಕಲು ಶುರುವಾಗುವುದು ಹೇಗೆ ಅನ್ನುವುದೇ ನನ್ನ ಕೆಲಸ. ಮಾಡುವುದು ಯೀಸ್ಟ್ ಮೇಲೆ, ಬ್ರೆಡ್ಡು ಉಬ್ಬಿಸುವ ಅದೇ ಯೀಸ್ಟ್. ನಕಲಿನ ಮುಖ್ಯ ಯಂತ್ರ ಅದರಲ್ಲೂ ನಮ್ಮಲ್ಲೂ ಹೆಚ್ಚೂಕಡಿಮೆ ಒಂದೇ.

ಮೊದಲು ಕೆಲಸ ಎಷ್ಟು ದೊಡ್ಡದು ನೋಡಿ. ನಮ್ಮ ಒಂದು ಕೋಶದಲ್ಲಿ ಸುಮಾರು 600 ಕೋಟಿ ಅಕ್ಷರದ (ಅಕ್ಷರ ಅಂದರೆ ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿ) ಡಿಎನ್‌ಎ ಇದೆ, ಬಿಡಿಸಿ ಎಳೆದರೆ ಎರಡು ಮೀಟರ್ ಉದ್ದ. ಇದನ್ನು ಸುಮಾರು ಎಂಟು ಗಂಟೆಯಲ್ಲಿ ನಕಲು ಮಾಡಿ ಮುಗಿಸಬೇಕು. ನಕಲು ಮಾಡುವ ಯಂತ್ರ ನಿಮಿಷಕ್ಕೆ ಒಂದೆರಡು ಸಾವಿರ ಅಕ್ಷರ ಮಾತ್ರ ದಾಟುತ್ತದೆ. ನಮ್ಮ ಅತಿ ದೊಡ್ಡ ಕ್ರೋಮೋಸೋಮಿನಲ್ಲಿ, ಅಂದರೆ ಡಿಎನ್‌ಎಯ ಅತಿ ಉದ್ದದ ತುಂಡಿನಲ್ಲಿ, 25 ಕೋಟಿ ಅಕ್ಷರ ಇದೆ, ಒಂದೇ ಜಾಗದಿಂದ ಹೊರಟು ಎರಡೂ ಕಡೆ ಹೋದರೂ ಕಡಿಮೆ ಅಂದರೆ ಒಂದೂವರೆ ತಿಂಗಳು ಹಿಡಿಯುತ್ತದೆ. ಅದಕ್ಕೇ ಕೋಶ 30ರಿಂದ 50 ಸಾವಿರ ಜಾಗಗಳಿಂದ ನಕಲು ಹೊರಡಿಸುತ್ತದೆ, ಕೆಲವು ಮೊದಲು, ಕೆಲವು ಕೊನೆಗೆ.

ಕಷ್ಟ ಇರುವುದು ಇಲ್ಲೇ. ಅಷ್ಟು ಜಾಗಗಳಲ್ಲಿ ಒಂದು ಚೂರೂ ಬಿಟ್ಟುಹೋಗಬಾರದು, ಒಂದು ಚೂರೂ ಎರಡು ಸಲ ನಕಲಾಗಬಾರದು. ಬಿಟ್ಟುಹೋದರೆ ಕೋಶ ಎರಡಾಗುವಾಗ ಕ್ರೋಮೋಸೋಮ್ ಎಳೆದಾಡಿ ಹರಿಯುತ್ತದೆ. ಎರಡು ಸಲ ಆದರೆ ಹೆಚ್ಚುವರಿ ತುಂಡು ಹುಟ್ಟುತ್ತದೆ.

ಕೋಶ ಇದನ್ನು ಹೇಗೆ ನಿಭಾಯಿಸುತ್ತದೆ? ನಮ್ಮ ಮತಗಟ್ಟೆ ನೆನಪು ಮಾಡಿಕೊಳ್ಳಿ. ಸಂಜೆ ಸಮಯ ಮುಗಿದಾಗ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಡುತ್ತಾರೆ, ಕೊಟ್ಟು ಗೇಟು ಹಾಕುತ್ತಾರೆ. ಚೀಟಿ ಇದ್ದವರು ಎಷ್ಟು ಹೊತ್ತಾದರೂ ಓಟು ಹಾಕಬಹುದು. ಆದರೆ ಗೇಟು ಹಾಕಿದ ಮೇಲೆ ಹೊಸ ಚೀಟಿ ಇಲ್ಲ. ಕೋಶದಲ್ಲೂ ಹಾಗೇ. ನಕಲು ಶುರುವಾಗುವ ಮೊದಲಿನ ಹೊತ್ತಿನಲ್ಲಿ ಒಂದೊಂದು ಜಾಗಕ್ಕೂ ಚೀಟಿ ಹಂಚುತ್ತದೆ. ಒಆರ್‌ಸಿ ಅನ್ನುವ ಪ್ರೋಟೀನ್ ಗುಂಪು ಜಾಗ ಗುರುತಿಸುತ್ತದೆ, ಸಿಡಿಸಿ6 ಮತ್ತು ಸಿಡಿಟಿ1 ಅನ್ನುವ ಇನ್ನೆರಡು ಬಂದು ಎಂಸಿಎಂ ಅನ್ನುವ ಉಂಗುರವನ್ನು ಡಿಎನ್‌ಎಗೆ ತೊಡಿಸುತ್ತವೆ. ಆ ಉಂಗುರವೇ ಚೀಟಿ. ನಕಲು ಶುರುವಾದಾಗ ಡಿಎನ್‌ಎಯ ಎರಡು ಎಳೆ ಬಿಡಿಸುತ್ತಾ ಹೋಗುವುದೂ ಅದೇ ಉಂಗುರ. ಶುರುವಾಗುತ್ತಿದ್ದಂತೆ ಗೇಟು ಬೀಳುತ್ತದೆ. ಸಿಡಿಕೆ ಅನ್ನುವ ಕಿಣ್ವಗಳ ಚಟುವಟಿಕೆ ಏರುತ್ತದೆ, ಜೆಮಿನಿನ್ ಅನ್ನುವ ಪ್ರೋಟೀನ್ ಬಂದು ಸಿಡಿಟಿ1 ಕೈ ಕಟ್ಟಿಹಾಕುತ್ತದೆ. ಕೋಶ ಒಡೆದು ಎರಡಾಗುವವರೆಗೂ ಹೊಸ ಚೀಟಿ ಇಲ್ಲ.

1988ರಲ್ಲಿ ಜೂಲಿಯನ್ ಬ್ಲೋ ಮತ್ತು ರಾನ್ ಲಾಸ್ಕಿ ಕಪ್ಪೆ ಮೊಟ್ಟೆಯ ರಸದಲ್ಲಿ ಪ್ರಯೋಗ ಮಾಡಿ ಇಂಥದ್ದೊಂದು ಲೈಸೆನ್ಸ್ ಇರಲೇಬೇಕು ಅಂದರು. ಒಆರ್‌ಸಿ ಸಿಕ್ಕಿದ್ದು 1992ರಲ್ಲಿ, ಯೀಸ್ಟಿನಲ್ಲಿ, ಸ್ಟೀಫನ್ ಬೆಲ್ ಮತ್ತು ಬ್ರೂಸ್ ಸ್ಟಿಲ್‌ಮನ್ ಅವರಿಗೆ.

ಬಯಾಲಜಿ_ಮೇಷ್ಟ್ರು

ತುಂಬಾ ಚೆನ್ನಾಗಿ ಹೇಳಿದಿರಿ. ಪಿಯುಸಿ ಮಕ್ಕಳಿಗೆ ನಾಳೆಯೇ ಈ ಚೀಟಿ ಕಥೆ ಹೇಳುತ್ತೇನೆ. ಹಾಗಾದರೆ ಕ್ಯಾನ್ಸರ್ ಅಂದರೆ ಈ ಚೀಟಿ ನಿಯಮವೇ ಮುರಿದುಬಿದ್ದು, ಕೋಶ ಲಂಗುಲಗಾಮಿಲ್ಲದೆ ಡಿಎನ್‌ಎ ನಕಲು ಮಾಡುತ್ತಲೇ ಇರುವುದು ಅಂತ ಆಯಿತಲ್ವಾ? ನಾನು ಇಷ್ಟು ವರ್ಷ ಹಾಗೇ ಪಾಠ ಮಾಡಿದ್ದೇನೆ.

ಕೋಶವಾಸಿ

ಸರ್, ಅಲ್ಲ. ಇದು ಬಹಳ ಜನ ಎಡವುವ ಜಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

1970ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಭಾರತ ಮೂಲದ ಪೋಟು ಎನ್. ರಾವ್ ಮತ್ತು ರಾಬರ್ಟ್ ಜಾನ್ಸನ್ ಒಂದು ಪ್ರಯೋಗ ಮಾಡಿದರು. ಎರಡು ಕೋಶಗಳನ್ನು ವೈರಸ್ ಬಳಸಿ ಒಂದಕ್ಕೊಂದು ಬೆಸೆದರು, ಒಂದೇ ಚೀಲದಲ್ಲಿ ಎರಡು ನ್ಯೂಕ್ಲಿಯಸ್. ನಕಲು ಮಾಡುತ್ತಿರುವ ಕೋಶದ ಜೊತೆ ಇನ್ನೂ ನಕಲು ಶುರು ಮಾಡದ ಕೋಶ ಬೆಸೆದಾಗ, ಎರಡನೆಯದೂ ಬೇಗನೆ ನಕಲು ಶುರು ಮಾಡಿತು. ಆದರೆ ಆಗಲೇ ನಕಲು ಮುಗಿಸಿ ಕೂತ ಕೋಶವನ್ನು ಬೆಸೆದರೆ? ಪಕ್ಕದಲ್ಲೇ ನಕಲು ಜೋರಾಗಿ ನಡೆಯುತ್ತಿದ್ದರೂ ಅದು ಮತ್ತೆ ಶುರು ಮಾಡಲಿಲ್ಲ. ಒಂದು ಸುತ್ತಿಗೆ (ಕೋಶ ಒಂದು ಸಲ ಎರಡಾಗುವುದು ಒಂದು ಸುತ್ತು) ಒಂದೇ ನಕಲು ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ಸುಂದರ ಪುರಾವೆ ಇದು.

ಈಗ ಕೇಳಿ, ಅವರು ಬಳಸಿದ್ದು ಹೀಲಾ ಕೋಶ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಹೆಣ್ಣುಮಗಳ ಗರ್ಭಕೊರಳಿನ ಗಡ್ಡೆಯಿಂದ ತೆಗೆದ ಕ್ಯಾನ್ಸರ್ ಕೋಶ. ಅಂದರೆ ಈ ನಿಯಮ ಕಣ್ಣಿಗೆ ಬಿದ್ದದ್ದೇ ಕ್ಯಾನ್ಸರ್ ಕೋಶದಲ್ಲಿ! ಕ್ಯಾನ್ಸರ್ ಕೋಶವೂ ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದೇ ಸಲ ನಕಲು ಮಾಡುತ್ತದೆ. ಬಾಯಿಗೆ ಬಂದ ಹಾಗೆ ನಕಲು ಮಾಡಿದರೆ ಅದೂ ಸಾಯುತ್ತದೆ.

ಹಾಗಾದರೆ ಕೆಟ್ಟದ್ದು ಏನು? ಸುತ್ತು ಶುರು ಮಾಡಬೇಕೋ ಬೇಡವೋ ಅನ್ನುವ ಬಾಗಿಲು. ಅಲ್ಲಿ ಆರ್‌ಬಿ ಅನ್ನುವ ಪ್ರೋಟೀನ್ ಕಾವಲಿದೆ. ನಕಲಿಗೆ ಬೇಕಾದ ಸಾಮಾನೆಲ್ಲ ತಯಾರು ಮಾಡಿಸುವ ಇ2ಎಫ್ ಅನ್ನುವ ಪ್ರೋಟೀನನ್ನು ಅದು ಹಿಡಿದು ಕೂರಿಸಿಕೊಂಡಿರುತ್ತದೆ. ಹೊರಗಿನಿಂದ "ಬೆಳೆ" ಅಂತ ಸುದ್ದಿ ಬಂದರೆ ಸೈಕ್ಲಿನ್ ಡಿ ಮತ್ತು ಸಿಡಿಕೆ 4, 6 ಸೇರಿ ಆರ್‌ಬಿ ಹಿಡಿತ ಸಡಿಲ ಮಾಡುತ್ತವೆ. ಆಗ ಸುತ್ತು ಶುರು. ಕ್ಯಾನ್ಸರಿನಲ್ಲಿ ಈ ಬಾಗಿಲು ಒಂದಲ್ಲ ಒಂದು ರೀತಿ ತೆರೆದೇ ಇರುತ್ತದೆ. ಕೆಲವರಲ್ಲಿ ಆರ್‌ಬಿ ಜೀನೇ ಹೋಗಿರುತ್ತದೆ. ಚಿಕ್ಕ ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮಾ ಹೀಗೇ ಆಗುವುದು, 1971ರಲ್ಲಿ ಆಲ್ಫ್ರೆಡ್ ನಡ್ಸನ್ ಇದಕ್ಕೆ ಎರಡು ಪೆಟ್ಟು ಬೀಳಬೇಕು ಅಂತ ಲೆಕ್ಕ ಹಾಕಿ ಹೇಳಿದರು, ಅದು ಆ ಜೀನಿನ ಎರಡೂ ಪ್ರತಿ ಕೆಡುವುದು ಅಂತ ಆಮೇಲೆ ಗೊತ್ತಾಯಿತು. (ಮಗುವಿನ ಫೋಟೋ ಫ್ಲ್ಯಾಶ್ ಹಾಕಿ ತೆಗೆದಾಗ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ದಯವಿಟ್ಟು ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಇದನ್ನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ.) ಹೀಲಾ ಕೋಶದಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಇ7 ಅನ್ನುವ ಪ್ರೋಟೀನ್ ಆರ್‌ಬಿ ಮೇಲೆ ಕೂತು ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿದೆ.

ಹೇಮಾವತಿ ಅವರೇ, ಅಮ್ಮನದು ಇಆರ್ ಪಾಸಿಟಿವ್, ಅಂದರೆ ಆ ಕೋಶಗಳಲ್ಲಿ ಈಸ್ಟ್ರೋಜನ್ ಹಿಡಿಯುವ ಪ್ರೋಟೀನ್ ಇದೆ. ಅಂಥ ಕೋಶಕ್ಕೆ "ಬೆಳೆ" ಅನ್ನುವ ಸುದ್ದಿ ಈಸ್ಟ್ರೋಜನ್ ಹಾರ್ಮೋನಿನಿಂದ ಬರುತ್ತದೆ, ಅದು ಸೈಕ್ಲಿನ್ ಡಿ ಹೆಚ್ಚಿಸುತ್ತದೆ. ಹಾರ್ಮೋನ್ ತಡೆಯುವ ಮಾತ್ರೆ ವರ್ಷಗಟ್ಟಲೆ ಕೊಡುವುದು ಇದಕ್ಕೇ. ಸಿಡಿಕೆ 4, 6 ಅನ್ನೇ ಹಿಡಿದು ನಿಲ್ಲಿಸುವ ಪಾಲ್ಬೊಸಿಕ್ಲಿಬ್ ಅನ್ನುವ ಮಾತ್ರೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಈ ಜಾತಿಯ ಸ್ತನ ಕ್ಯಾನ್ಸರ್ ಬೇರೆ ಕಡೆ ಹರಡಿದಾಗ ಕೊಡಲು. ಯಾರಿಗೆ ಯಾವುದು ಬೇಕು ಅನ್ನುವುದು ಡಾಕ್ಟರ್ ಮಾತು, ನನ್ನದಲ್ಲ.

ಬಯಾಲಜಿ_ಮೇಷ್ಟ್ರು

ತಿದ್ದಿದ್ದಕ್ಕೆ ಧನ್ಯವಾದ. ಆದರೆ ಬಾಗಿಲು ತೆರೆದಿದೆ ಅಷ್ಟೇ ಅಂದರೆ ಕೋಶ ಜಾಸ್ತಿ ಆಗಬೇಕು, ಕೆಡಬೇಕು ಅಂತೇನಿಲ್ಲವಲ್ಲ. ಕ್ಯಾನ್ಸರ್ ಕೋಶದ ಕ್ರೋಮೋಸೋಮ್ ಚಿತ್ರ ನೋಡಿದರೆ ತುಂಡು ತುಂಡಾಗಿ, ಅಲ್ಲಿಯದು ಇಲ್ಲಿ ಅಂಟಿಕೊಂಡಿರುತ್ತದೆ. ಅದು ಎಲ್ಲಿಂದ ಬಂತು?

ಕೋಶವಾಸಿ

ಅವಸರದಿಂದ, ಸರ್. ನಾನು ಈ ವಿಷಯಕ್ಕೆ ಮನಸೋತದ್ದೇ ಇದರಿಂದ.

ಬಾಗಿಲು ತೆರೆದೇ ಇದ್ದರೆ ಚೀಟಿ ಹಂಚುವ ಹೊತ್ತು ಮೊಟಕಾಗುತ್ತದೆ. ಸೈಕ್ಲಿನ್ ಇ ಅನ್ನುವ ಪ್ರೋಟೀನ್ ಜಾಸ್ತಿಯಾದ ಕೋಶಗಳಲ್ಲಿ ಹಾಗೇ ಆಗುತ್ತದೆ, ಸಾಕಷ್ಟು ಎಂಸಿಎಂ ಉಂಗುರ ಕೂರುವ ಮೊದಲೇ ನಕಲು ಹೊರಟುಬಿಡುತ್ತದೆ. ಆರೋಗ್ಯವಾಗಿರುವ ಕೋಶ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಉಂಗುರ ತೊಡಿಸಿಟ್ಟುಕೊಳ್ಳುತ್ತದೆ. ಹೆಚ್ಚಿನವು ಬಳಕೆಗೇ ಬರುವುದಿಲ್ಲ, ಪಕ್ಕದಿಂದ ಬಂದ ನಕಲು ಯಂತ್ರ ಆ ಜಾಗ ದಾಟಿದಾಗ ಕಳಚಿ ಬೀಳುತ್ತವೆ. ಎಲ್ಲೋ ಒಂದು ಯಂತ್ರ ಕೆಟ್ಟು ನಿಂತರೆ ಮಾತ್ರ ಹತ್ತಿರದ ಉಂಗುರ ಎದ್ದು ಆ ಭಾಗ ಮುಗಿಸಿಕೊಡುತ್ತದೆ. ಅವಸರದ ಕೋಶಕ್ಕೆ ಆ ಆಸರೆ ಇಲ್ಲ. ಜೊತೆಗೆ ನಕಲಿಗೆ ಬೇಕಾದ ಅಕ್ಷರಗಳ ದಾಸ್ತಾನೂ ಸಾಲದೆ ಬರುತ್ತದೆ. ಯಂತ್ರ ನಿಧಾನವಾಗುತ್ತದೆ, ನಿಲ್ಲುತ್ತದೆ, ನಿಂತ ಕಡೆ ಡಿಎನ್‌ಎ ಹರಿಯುತ್ತದೆ.

2007ರಲ್ಲಿ ಪ್ರಕಟವಾದ ಒಂದು ಇಲಿ ಕೆಲಸ ಇದೆ. ಎಂಸಿಎಂ4 ಅನ್ನುವ ಜೀನಿನಲ್ಲಿ ಒಂದೇ ಒಂದು ಸಣ್ಣ ಬದಲಾವಣೆ, ಉಂಗುರ ಸ್ವಲ್ಪ ಬಲಹೀನ ಅಷ್ಟೇ. ಇಲಿ ಹುಟ್ಟುತ್ತದೆ, ಬೆಳೆಯುತ್ತದೆ, ನೋಡಲು ಏನೂ ಕೊರತೆ ಕಾಣುವುದಿಲ್ಲ. ಆದರೆ ಹೆಣ್ಣಿಲಿಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿಗೆ ಸ್ತನದಲ್ಲಿ ಗಡ್ಡೆ ಬಂತು. ಹೊರಗಿನ ವಿಷ ಯಾವುದೂ ಇಲ್ಲ. ಚೀಟಿ ಸಾಲದೆ ಹೋದದ್ದೇ ಕಾರಣ.

ಚೀಟಿ ನಿಯಮ ನಿಜವಾಗಿಯೂ ಮುರಿದು ಒಂದೇ ಜಾಗ ಎರಡು ಸಲ ನಕಲಾಗುವುದೂ ಉಂಟು. ಸಿಡಿಟಿ1, ಸಿಡಿಸಿ6 ಜಾಸ್ತಿ ಇರುವ ಗಡ್ಡೆಗಳಿವೆ. 2010ರಲ್ಲಿ ಯೀಸ್ಟಿನಲ್ಲಿ ಬೇಕಂತಲೇ ಒಂದು ಜಾಗವನ್ನು ಎರಡನೇ ಸಲ ನಕಲು ಮಾಡಿಸಿ ನೋಡಿದಾಗ ಆ ಭಾಗದ ಜೀನ್‌ಗಳು ಒಂದಕ್ಕೆ ಎರಡಾಗಿ ಕೂತುಬಿಟ್ಟವು. ಮನುಷ್ಯರ ಗಡ್ಡೆಯಲ್ಲಿ ಜೀನ್ ಹೆಚ್ಚಾಗಲು ಬೇರೆ ದಾರಿಗಳೂ ಇವೆ, ಎಲ್ಲವನ್ನೂ ಇದರ ತಲೆಗೆ ಕಟ್ಟಬಾರದು. ನನ್ನ ಅಂದಾಜಿನಲ್ಲಿ ಎರಡು ಸಲ ನಕಲಾಗುವುದಕ್ಕಿಂತ, ಅರೆಬರೆ ತಯಾರಿಯಲ್ಲಿ ಹೊರಡುವ ಈ ಅವಸರವೇ ದೊಡ್ಡ ಪೆಟ್ಟು.

ಇನ್ನೊಂದು ವಿಷಯ, ಇದನ್ನು ಅಮ್ಮನಿಗೆ ಹೇಳಿ. 2005ರಲ್ಲಿ ಎರಡು ತಂಡಗಳು ಕ್ಯಾನ್ಸರ್ ಆಗುವ ಮೊದಲಿನ ಹಂತದ ಚೂರುಗಳನ್ನು ನೋಡಿದವು. ಮೂತ್ರಕೋಶ, ಶ್ವಾಸಕೋಶ, ಕರುಳು, ಸ್ತನ. ಗಡ್ಡೆ ಅಂತ ಅನ್ನಿಸಿಕೊಳ್ಳುವ ಮೊದಲೇ ಆ ಕೋಶಗಳಲ್ಲಿ ಡಿಎನ್‌ಎ ಹರಿದಿದೆ ಅನ್ನುವ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತು. ಎಟಿಎಂ, ಸಿಎಚ್‌ಕೆ2, ಪಿ53 ಅನ್ನುವ ಕಾವಲು ಪ್ರೋಟೀನ್‌ಗಳೆಲ್ಲ ಎದ್ದು ನಿಂತು ಕೋಶವನ್ನು ತಡೆಯುತ್ತಿದ್ದವು. ಅಂಥ ಎಷ್ಟೋ ಕೋಶ ಅಲ್ಲೇ ನಿಂತುಹೋಗುತ್ತವೆ, ಸಾಯುತ್ತವೆ. ಪಿ53 ಅಥವಾ ಅದರ ಜೊತೆಯವರು ಕೆಟ್ಟ ಕೋಶ ಮಾತ್ರ ತಪ್ಪಿಸಿಕೊಂಡು ಮುಂದೆ ಹೋಗುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ. ನಿಮ್ಮ ಅಮ್ಮನ ದೇಹ ನಮಗೆ ಯಾರಿಗೂ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಹೋರಾಡುತ್ತಿತ್ತು.

ಬಿಳಿಗಿರಿ_ಬಿಸಿಲು

ಓದುತ್ತಾ ಓದುತ್ತಾ ಕಣ್ಣು ತುಂಬಿತು. ನಮ್ಮ ಮನೆ ಕಥೆಯೂ ನಕಲಿನದೇ.

ನಮ್ಮ ತಾತ 46ಕ್ಕೆ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹೋದರು. ದೊಡ್ಡಮ್ಮನಿಗೆ ಗರ್ಭಕೋಶದ್ದು. ಅಪ್ಪನಿಗೆ ರಕ್ತ ಹೋಗುತ್ತಿದ್ದಾಗ ಒಂದು ಕಡೆ ಮೂಲವ್ಯಾಧಿ ಅಂತ ಹನ್ನೊಂದು ತಿಂಗಳು ಔಷಧಿ ಕೊಟ್ಟರು, ಒಂದು ಸಲವೂ ಒಳಗೆ ನೋಡಲಿಲ್ಲ. ಅಷ್ಟರಲ್ಲಿ ಅದು ದಾಟಿಹೋಗಿತ್ತು. ಮನೆತನಕ್ಕೆ ನಾಗದೋಷ ಅಂತ ಎಷ್ಟು ಶಾಂತಿ ಮಾಡಿಸಿದೆವೋ. ಕೊನೆಗೆ ಒಬ್ಬ ಡಾಕ್ಟರಮ್ಮ ಕಾಗದದ ಮೇಲೆ ಮನೆಯವರ ಹೆಸರೆಲ್ಲ ಬರೆಸಿ, ರೋಗ ಬಂದವರಿಗೆ ಸುತ್ತು ಹಾಕಿ, ಜೀನ್ ಟೆಸ್ಟ್ ಮಾಡಿಸಿದರು. ಲಿಂಚ್ ಸಿಂಡ್ರೋಮ್, ಮನೆತನದಲ್ಲಿ ಇಳಿದು ಬರುವ ಕ್ಯಾನ್ಸರ್ ಅಪಾಯ. ಕೆಟ್ಟಿದ್ದು ಎಂಎಸ್‌ಎಚ್2 ಅನ್ನುವ ಜೀನು. ನನಗೂ ಇದೆ, ತಮ್ಮನಿಗೆ ಇಲ್ಲ.

ನಮ್ಮ ತೊಂದರೆ ಅಪ್ಪಣೆಯದಲ್ಲ, ತಿದ್ದುವವರದು ಅಂತ ಅವರು ಹೇಳಿದರು. ಕೋಶವಾಸಿ ಅವರೇ, ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಕೋಶವಾಸಿ

ನಿಮ್ಮ ಅಪ್ಪನ ವಿಷಯ ಓದಿ ಬೇಜಾರಾಯಿತು.

ಡಾಕ್ಟರಮ್ಮ ಸರಿಯಾಗಿ ಹೇಳಿದ್ದಾರೆ. ನಕಲು ಮಾಡುವ ಕಿಣ್ವ ಅಕ್ಷರ ಜೋಡಿಸುವಾಗ ಸುಮಾರು ಒಂದು ಲಕ್ಷಕ್ಕೆ ಒಂದು ತಪ್ಪು ಮಾಡುತ್ತದೆ. ಮಾಡಿದ ತಕ್ಷಣ ತಾನೇ ಹಿಂದೆ ಸರಿದು ಅಳಿಸಿ ಬರೆಯುತ್ತದೆ, ಆಗ ಒಂದು ಕೋಟಿಗೆ ಒಂದು ತಪ್ಪು ಉಳಿಯುತ್ತದೆ. ಅದರ ಹಿಂದೆಯೇ ಇನ್ನೊಂದು ತಂಡ ಬರುತ್ತದೆ, ಎಂಎಸ್‌ಎಚ್2, ಎಂಎಸ್‌ಎಚ್6, ಎಂಎಲ್‌ಎಚ್1, ಪಿಎಂಎಸ್2. ಹೊಸ ಎಳೆಯನ್ನು ತಡವಿ ನೋಡಿ, ಉಬ್ಬು ಸಿಕ್ಕ ಕಡೆ ಕತ್ತರಿಸಿ ಸರಿಮಾಡುತ್ತದೆ. ಆಗ ನೂರು ಕೋಟಿಗೆ ಒಂದು ಅಥವಾ ಅದಕ್ಕಿಂತ ಕಡಿಮೆ. ಲಿಂಚ್‌ನಲ್ಲಿ ಹುಟ್ಟುವಾಗಲೇ ಈ ತಂಡದ ಒಂದು ಜೀನಿನ ಒಂದು ಪ್ರತಿ ಕೆಟ್ಟಿರುತ್ತದೆ. ಯಾವುದೋ ಕೋಶದಲ್ಲಿ ಎರಡನೆಯದೂ ಕೆಟ್ಟರೆ ಆ ಕೋಶಕ್ಕೆ ತಿದ್ದುವವರೇ ಇಲ್ಲ. ಒಂದೇ ಅಕ್ಷರ ಸಾಲಾಗಿ ಬರುವ ಕಡೆ, ಅಂದರೆ ಎಎಎಎಎಎ ತರಹ, ಯಂತ್ರ ಜಾರುತ್ತದೆ, ಒಂದು ಅಕ್ಷರ ಜಾಸ್ತಿ ಅಥವಾ ಕಡಿಮೆ ಆಗುತ್ತದೆ. ಗಡ್ಡೆಯ ಮೇಲೆ ಮಾಡುವ ಎಂಎಸ್‌ಐ ಟೆಸ್ಟ್ ನೋಡುವುದು ಇದನ್ನೇ.

ಇಷ್ಟೊಂದು ತಪ್ಪು ಇರುವ ಗಡ್ಡೆ ನಮ್ಮ ರೋಗನಿರೋಧಕ ಕೋಶಗಳಿಗೆ ಪರಕೀಯವಾಗಿ ಕಾಣುತ್ತದೆ. ಆದ್ದರಿಂದ ಆ ಕೋಶಗಳನ್ನೇ ಕ್ಯಾನ್ಸರ್ ಮೇಲೆ ಬಿಡುವ ಇಮ್ಯುನೊಥೆರಪಿ ಇಂಥ ಗಡ್ಡೆಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಅಮೆರಿಕದಲ್ಲಿ ಪೆಂಬ್ರೊಲಿಜುಮಾಬ್ ಅನ್ನುವ ಅಂಥ ಔಷಧಿಗೆ ಒಪ್ಪಿಗೆ ಕೊಟ್ಟಾಗ ಯಾವ ಅಂಗ ಅಂತ ನೋಡಲಿಲ್ಲ, ಈ ತಿದ್ದುವ ಕೊರತೆ ಇದೆಯಾ ಅಂತ ಮಾತ್ರ ನೋಡಿದರು. ನಮ್ಮಲ್ಲಿ ಅದರ ಬೆಲೆ ಎಷ್ಟು ಮನೆಗಳ ಕೈಗೆ ಎಟುಕುತ್ತದೆ ಅನ್ನುವುದು ನೆನೆದರೆ ಹೊಟ್ಟೆ ಉರಿಯುತ್ತದೆ.

ನೀವು ಕೊಲೊನೋಸ್ಕೋಪಿ ತಪ್ಪಿಸುತ್ತಿಲ್ಲ ತಾನೇ?

ಬಿಳಿಗಿರಿ_ಬಿಸಿಲು

ಇಲ್ಲ, ವರ್ಷಕ್ಕೊಂದು ಸಲ. ಹಿಂದಿನ ದಿನ ಆ ಉಪ್ಪುಪ್ಪು ನೀರು ಲೀಟರ್‌ಗಟ್ಟಲೆ ಕುಡಿಯುವುದೇ ಕಷ್ಟ, ಮಿಕ್ಕಿದ್ದು ಏನಿಲ್ಲ. ಹೋದ ಸಲ ಎರಡು ಪಾಲಿಪ್ (ಕರುಳಿನ ಒಳಗೋಡೆಯ ಸಣ್ಣ ಗಂಟು) ಸಿಕ್ಕಿತು, ಅಲ್ಲೇ ಕತ್ತರಿಸಿ ತೆಗೆದರು. ಅಪ್ಪನಿಗೆ ಯಾರಾದರೂ ಇದನ್ನು ಮಾಡಿದ್ದರೆ ಇವತ್ತು ಇರುತ್ತಿದ್ದರು.

ತೋಟದಮನೆ

ಒಂದು ನೇರ ಪ್ರಶ್ನೆ. ಸಾಗರ ಸೀಮೆಯ ಅಡಿಕೆ ಬೆಳೆಗಾರ ನಾನು. ಕ್ಯಾನ್ಸರಿನಲ್ಲಿ ಮೂರನೇ ಎರಡು ಪಾಲು ಬರೀ ದುರದೃಷ್ಟ, ನಕಲು ಮಾಡುವಾಗ ಆಗುವ ತಪ್ಪು ಅಂತ ವಿಜ್ಞಾನಿಗಳೇ ಹೇಳಿದ್ದಾರೆ ಅಂತ ಪೇಪರಿನಲ್ಲಿ ಓದಿದ್ದೆ. ಈಗ ನೀವೂ ಅದನ್ನೇ ಹೇಳುತ್ತಿದ್ದೀರಿ. ಹಾಗಿದ್ದ ಮೇಲೆ ಅಡಿಕೆ ಅಡಿಕೆ ಅಂತ ನಮ್ಮ ಬೆಳೆಯ ಮೇಲೆ ಯಾಕೆ ಹಾಕುತ್ತಾರೆ? ನಮ್ಮಜ್ಜಿ 91ರವರೆಗೂ ಕವಳ ಹಾಕಿದರು, ಏನೂ ಆಗಲಿಲ್ಲ.

ಕೋಶವಾಸಿ

ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿ ಹೇಳುತ್ತೇನೆ.

ಕ್ರಿಸ್ಟಿಯನ್ ತೊಮಾಸೆಟ್ಟಿ ಮತ್ತು ಬರ್ಟ್ ವೋಗೆಲ್‌ಸ್ಟೈನ್ 2015ರಲ್ಲಿ ತೋರಿಸಿದ್ದು ಇದು: ಯಾವ ಅಂಗದ ಮೂಲಕೋಶಗಳು (ಹೊಸ ಕೋಶ ಹುಟ್ಟಿಸುತ್ತಾ ಇರುವ ಕೋಶಗಳು) ಜೀವಮಾನದಲ್ಲಿ ಜಾಸ್ತಿ ಸಲ ಒಡೆಯುತ್ತವೋ ಆ ಅಂಗದಲ್ಲಿ ಕ್ಯಾನ್ಸರ್ ಜಾಸ್ತಿ. ದೊಡ್ಡ ಕರುಳಿನಲ್ಲಿ ಜಾಸ್ತಿ, ಸಣ್ಣ ಕರುಳಿನಲ್ಲಿ ಅಪರೂಪ. 2017ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು, ಗಡ್ಡೆಗಳಲ್ಲಿರುವ ಡಿಎನ್‌ಎ ತಪ್ಪುಗಳಲ್ಲಿ ಸುಮಾರು ಮೂರನೇ ಎರಡು ಪಾಲು ನಕಲಿನ ತಪ್ಪು. ತಪ್ಪುಗಳಲ್ಲಿ, ಕ್ಯಾನ್ಸರುಗಳಲ್ಲಿ ಅಲ್ಲ. ಪೇಪರಿನವರು ಇದನ್ನು ಕಲಸಿಬಿಟ್ಟರು. ಒಂದು ಗಡ್ಡೆ ಆಗಲು ಮೂರು ತಪ್ಪು ಬೇಕು ಅಂದುಕೊಳ್ಳಿ. ಎರಡು ತಾನಾಗಿ ಆಯಿತು, ಮೂರನೆಯದು ತಂಬಾಕಿನಿಂದ. ತಪ್ಪಿನ ಲೆಕ್ಕದಲ್ಲಿ ತಂಬಾಕಿನ ಪಾಲು ಮೂರನೇ ಒಂದು. ಆದರೆ ತಂಬಾಕು ಇಲ್ಲದಿದ್ದರೆ ಆ ಗಡ್ಡೆಯೇ ಇಲ್ಲ. 2016ರಲ್ಲಿ ಬೇರೆ ತಂಡದವರು ಹೊರಗಿನ ಕಾರಣಗಳ ಪಾಲೇ ಶೇ. 70ರಿಂದ 90 ಅಂತ ವಾದ ಮಾಡಿದರು, ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಅಡಿಕೆ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ, ತಂಬಾಕು ಇಲ್ಲದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಅಡಿಕೆಯ ರಸದಿಂದ ಬಾಯಲ್ಲೇ ನೈಟ್ರೋಸಮೀನ್ ಅನ್ನುವ ಕ್ಯಾನ್ಸರ್ ತರುವ ರಾಸಾಯನಿಕ ಹುಟ್ಟಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಸುಣ್ಣ, ಒರಟು ನಾರು ಸೇರಿ ದಿನಾ ಒಂದೇ ಕೆನ್ನೆ ಉಜ್ಜಿ ಗಾಯ ಆಗುತ್ತದೆ. ಗಾಯ ಮಾಯಲು ಕೋಶ ಎರಡಾಗಲೇಬೇಕು, ಎರಡಾಗಲು ನಕಲು ಆಗಲೇಬೇಕು. ಪೆಟ್ಟು ಬಿದ್ದ ಡಿಎನ್‌ಎಯನ್ನು ಸರಿಮಾಡುವಷ್ಟು ಬಿಡುವು ಕೊಡದೆ ಮತ್ತೆ ಮತ್ತೆ ನಕಲು ಮಾಡಿಸುವುದು, ಅಪಾಯ ಇರುವುದು ಅಲ್ಲಿ. ಅಜ್ಜಿ 91 ವರ್ಷ ಇದ್ದದ್ದು ನಿಜವೇ. ಎಲ್ಲರಿಗೂ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ.

ಸ್ಲೈಡ್_ಮನೆ

ತೋಟದಮನೆ ಅಣ್ಣ, ನಾನೂ ಮಲೆನಾಡಿನವನೇ, ನಮ್ಮ ಮಾವನವರದೂ ಅಡಿಕೆ ತೋಟ. ಆದರೆ ಲ್ಯಾಬಿಗೆ ಬರುವ ಬಾಯಿಯ ಚೂರುಗಳಲ್ಲಿ ಮೂವತ್ತು ವರ್ಷದ ಹುಡುಗರದು ನೋಡಿದಾಗ ಕೈ ನಡುಗುತ್ತದೆ. ಗುಟ್ಕಾ ಪ್ಯಾಕೆಟ್ಟು ಹಾಕುವವರು. ಕೆಲವರಿಗೆ ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ.

ತೋಟದಮನೆ

ಒಪ್ಪಿದೆ. ಪ್ಯಾಕೆಟ್ಟಿನ ವಿಷಯದಲ್ಲಿ ನನಗೂ ಸಿಟ್ಟಿದೆ, ನಮ್ಮ ತೋಟದ ಕೊನೆಗಾರರಲ್ಲೇ ಒಬ್ಬನಿಗೆ ಈಗ ಖಾರ ತಿನ್ನಲು ಆಗುವುದಿಲ್ಲ, ಕೆನ್ನೆ ಒಳಗೆ ಬೆಳ್ಳಗಾಗಿದೆ. ಬೆಳೆ ಬಿಟ್ಟರೆ ಮನೆ ನಡೆಯುವುದು ಹೇಗೆ ಅನ್ನುವುದು ಬೇರೆ ಮಾತು, ಅದಕ್ಕೆ ಇಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ನಾಡಿದ್ದು ಅವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಹೇಮಾವತಿ_ದಂಡೆ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಆಪರೇಷನ್ ಆಯಿತು. ಮೊದಲ ಕೀಮೋ ಮುಗಿದಿದೆ. ಕೆಂಪು ಔಷಧಿ, ಶರಬತ್ತಿನ ಬಣ್ಣ, ಕೈಯ ನರದಲ್ಲಿ ಇಳಿಯುವುದನ್ನು ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ಮೂತ್ರವೂ ಕೆಂಪಾಗಿ ಹೆದರಿದರು, ನರ್ಸ್ ಮೊದಲೇ ಹೇಳಿದ್ದರಿಂದ ಸಮಾಧಾನ ಆಯಿತು. ಹದಿನೇಳನೇ ದಿನ ತಲೆ ಬಾಚುವಾಗ ಹಿಡಿ ಕೂದಲು ಕೈಗೆ ಬಂತು. ಈ ಔಷಧಿಯೂ ನಕಲನ್ನೇ ತಡೆಯುವುದಾ?

ಕೋಶವಾಸಿ

ಹೌದು, ಅದು ಡಾಕ್ಸೊರುಬಿಸಿನ್ ಇರಬೇಕು. ಎಳೆ ಬಿಡಿಸುತ್ತಾ ಹೋದಾಗ ಮುಂದೆ ಡಿಎನ್‌ಎ ಹುರಿಗಟ್ಟುತ್ತದೆ, ಹಗ್ಗದ ಎರಡು ಎಳೆ ಬೇರೆ ಮಾಡಿದ ಹಾಗೆ. ಆ ಹುರಿ ಸಡಿಲಿಸಲು ಟೊಪೊಐಸೊಮರೇಸ್ ಅನ್ನುವ ಕಿಣ್ವ ಡಿಎನ್‌ಎ ಕತ್ತರಿಸಿ, ತಿರುಗಿಸಿ, ಮತ್ತೆ ಅಂಟಿಸುತ್ತದೆ. ಈ ಔಷಧಿ ಕತ್ತರಿಸಿದ ಮೇಲೆ ಅಂಟಿಸಲು ಬಿಡುವುದಿಲ್ಲ. ಬಿಡುವಿಲ್ಲದೆ ನಕಲು ಮಾಡುವ ಕೋಶ ಜಾಸ್ತಿ ಸಾಯುತ್ತದೆ. ಕೂದಲ ಬುಡ, ಮೂಳೆಯ ಮಜ್ಜೆ, ಬಾಯಿಯ ಒಳಪದರ, ಇವೂ ಬೇಗ ಬೇಗ ಎರಡಾಗುವ ಕೋಶಗಳೇ, ಅವಕ್ಕೂ ಪೆಟ್ಟು. ಅದಕ್ಕೇ ಪ್ರತಿ ಸಲ ರಕ್ತದ ಎಣಿಕೆ ನೋಡಿ ಮುಂದಿನ ಡೋಸ್ ಕೊಡುವುದು. ಕೂದಲ ಬುಡದ ಮೂಲಕೋಶ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಕೀಮೋ ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ.

ತೋಟದಮನೆ

ನಮ್ಮ ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಅಂತ ಇದೆಯಲ್ಲ, ಹೂವಿನ ವಾಸನೆ ತಡೆಯಲು ಆಗುವುದಿಲ್ಲ, ಅದರಿಂದಲೂ ಕ್ಯಾನ್ಸರ್ ಔಷಧಿ ಮಾಡುತ್ತಾರೆ ಅಂತ ಬುಡಸಮೇತ ಕಿತ್ತುಕೊಂಡು ಹೋದರು. ಅದೂ ಇದೇನಾ?

ಕೋಶವಾಸಿ

ಅದೇ! ಅದರಲ್ಲಿ ಇರುವುದು ಕ್ಯಾಂಪ್ಟೊಥೆಸಿನ್. 1966ರಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದಿಂದ ಹೋದ ಮನ್ಸುಖ್ ವಾಣಿ ಚೀನಾದ ಒಂದು ಮರದಿಂದ ಅದನ್ನು ತೆಗೆದರು, ನಮ್ಮ ಪಶ್ಚಿಮ ಘಟ್ಟದ ಮರದಲ್ಲೂ ಅದು ಇದೆ ಅಂತ ಆಮೇಲೆ ಗೊತ್ತಾಯಿತು. ಅದು ಇನ್ನೊಂದು ಜಾತಿಯ ಟೊಪೊಐಸೊಮರೇಸನ್ನು ಡಿಎನ್‌ಎ ಮೇಲೆ ಸಿಕ್ಕಿಹಾಕಿಸುತ್ತದೆ, ಓಡಿ ಬಂದ ನಕಲು ಯಂತ್ರ ಅದಕ್ಕೆ ಡಿಕ್ಕಿ ಹೊಡೆದು ಡಿಎನ್‌ಎ ತುಂಡಾಗುತ್ತದೆ. ನಕಲು ಮಾಡದೆ ಕೂತ ಕೋಶಕ್ಕೆ ಅಷ್ಟು ಹಾನಿ ಇಲ್ಲ. ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟೆಕಾನ್ ಅದರ ಮಗು. ಮರಗಳನ್ನು ಬುಡಸಮೇತ ಕಿತ್ತದ್ದು ಕೇಳಿ ನೋವಾಯಿತು.

ಹೇಮಾವತಿ_ದಂಡೆ

ನಿನ್ನೆ ರಾತ್ರಿ ಅಮ್ಮನಿಗೆ ಚೀಟಿ ಕಥೆ ಪೂರ್ತಿ ಹೇಳಿದೆ. ಅವರು ಅಂಗನವಾಡಿ ಟೀಚರ್, ಎಷ್ಟೋ ಚುನಾವಣೆಯಲ್ಲಿ ಬೂತಿನಲ್ಲಿ ಕೂತವರು, ತಕ್ಷಣ ಅರ್ಥ ಆಯಿತು. "ಅಂದರೆ ಇದು ಎಷ್ಟು ವರ್ಷದ ಹಿಂದೆ ಶುರುವಾಗಿದ್ದು?" ಅಂತ ಕೇಳಿದರು. ಏನು ಹೇಳಲಿ?

ಕೋಶವಾಸಿ

ಸರಿಯಾಗಿ ಇಷ್ಟೇ ವರ್ಷ ಅಂತ ಹೇಳಲು ಆಗುವುದಿಲ್ಲ. ಒಂದು ಸೆಂಟಿಮೀಟರ್ ಗಂಟಿನಲ್ಲಿ ಸುಮಾರು 100 ಕೋಟಿ ಕೋಶ ಅಂತ ಲೆಕ್ಕ ಹಾಕುತ್ತಾರೆ. ಒಂದು ಕೋಶದಿಂದ ಅಷ್ಟಾಗಲು ಮೂವತ್ತು ಸಲ ದುಪ್ಪಟ್ಟಾಗಬೇಕು, ನಡುವೆ ಎಷ್ಟೋ ಸಾಯುತ್ತವೆ, ಆದ್ದರಿಂದ ವರ್ಷಗಳೇ ಹಿಡಿಯುತ್ತವೆ. ಮದುವೆಯ ಆ ಎರಡು ತಿಂಗಳು ಬೇಗ ತೋರಿಸಿದ್ದರೆ ಒಳ್ಳೆಯದಿತ್ತು, ಅದು ನಿಜ, ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ರೋಗ ಹುಟ್ಟಿದ್ದು ಆ ಎರಡು ತಿಂಗಳಲ್ಲಿ ಅಲ್ಲ, ಅವರು ಮಾಡಿದ ಯಾವುದೋ ತಪ್ಪಿಗೆ ಅಂತಲೂ ಅಲ್ಲ.

ಸ್ಲೈಡ್_ಮನೆ

ಅಕ್ಕ, ಒಂದು ಕೆಲಸ ಮಾಡಿ. ಆಪರೇಷನ್ ಆದ ಆಸ್ಪತ್ರೆಯ ಲ್ಯಾಬಿನಲ್ಲಿ ಅಮ್ಮನ ಮೇಣದ ಬ್ಲಾಕ್ ಇರುತ್ತದೆ, ವರ್ಷಗಟ್ಟಲೆ ಇಟ್ಟಿರುತ್ತಾರೆ. ಮುಂದೆ ಎಲ್ಲಾದರೂ ಎರಡನೇ ಅಭಿಪ್ರಾಯ ಕೇಳಬೇಕಾದರೆ, ಹೊಸ ಟೆಸ್ಟ್ ಬೇಕಾದರೆ ಅದೇ ಬೇಕು. ರಿಪೋರ್ಟಿನ ಮೇಲ್ಗಡೆ ಬ್ಲಾಕ್ ನಂಬರ್ ಇರುತ್ತದೆ, ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಬ್ಲಾಕ್ ತಂದರೆ ಬಿಸಿಲಲ್ಲಿ, ಕಾರಿನೊಳಗೆ ಇಡಬೇಡಿ, ಮೇಣ ಕರಗುತ್ತದೆ.

ಹೇಮಾವತಿ_ದಂಡೆ

ನಂಬರ್ ಸಿಕ್ಕಿತು ಅಣ್ಣ, ಡೈರಿಯ ಮೊದಲ ಪುಟದಲ್ಲಿ ಅಮ್ಮನೇ ಬರೆದಿಟ್ಟುಕೊಂಡರು. ಗುರುವಾರ ರಕ್ತದ ಎಣಿಕೆ, ಚೆನ್ನಾಗಿದ್ದರೆ ಶುಕ್ರವಾರ ಎರಡನೇ ಕೀಮೋ.